ಪಾರ್ಟ್ಸ್ ಬದಲಿಸುವುದಕ್ಕೆ ಡಿಪ್ಲೊಮಾ ಏಕೆ ಬೇಕು?

ಫೋರ್ ಸ್ಟ್ರೋಕ್ ಎಂಜಿನ್ನಿನ ನಾಲ್ಕು ಸ್ಟ್ರೋಕ್ ಯಾವುವು ಎಂದು ಆಟೊಮೊಬೈಲ್ ಓದಿದ ಯಾರನ್ನಾದರೂ ಕೇಳಿ. ನಿದ್ದೆಗಣ್ಣಲ್ಲೂ ಹೇಳುತ್ತಾರೆ: ಸಕ್ಷನ್, ಕಂಪ್ರೆಷನ್, ಪವರ್, ಎಕ್ಸಾಸ್ಟ್. ವಾಲ್ವ್ ಟೈಮಿಂಗ್ ಡಯಾಗ್ರಮ್ ಬರೆಯಿರಿ ಎಂದರೆ ಎರಡು ಬಣ್ಣದ ಪೆನ್ನಿನಲ್ಲಿ ಅಂದವಾಗಿ ಬರೆದು ಹತ್ತಕ್ಕೆ ಎಂಟು ಅಂಕ ತೆಗೆಯುತ್ತಾರೆ. ಈಗ ಅವರನ್ನೇ ಒಂದು ಕಾರಿನ ಮುಂದೆ ನಿಲ್ಲಿಸಿ. ಎಂಜಿನ್ ಓಡುತ್ತಿದೆ, ಆಕ್ಸಿಲರೇಟರ್ ಮೇಲೆ ಯಾರ ಕಾಲೂ ಇಲ್ಲ, ಬಾನೆಟ್ ಗಡಗಡ ನಡುಗುತ್ತಿದೆ, ಆರ್‌ಪಿಎಂ ಮುಳ್ಳು ಏರಿಳಿಯುತ್ತಿದೆ. ‘ಮೊದಲು ಏನು ನೋಡ್ತೀರಿ?’ ಎಂದು ಕೇಳಿ. ಹೆಚ್ಚಿನವರ ಉತ್ತರ ಒಂದೇ: ‘ಸ್ಕ್ಯಾನರ್ ಹಾಕ್ತೀವಿ ಸರ್.’

ಸರಿ, ಹಾಕಿದಿರಿ. ಪಿ0301 ಅಂತ ಬಂತು. ಆಮೇಲೆ?

ಈ ‘ಆಮೇಲೆ’ ಬಗ್ಗೆಯೇ ನನ್ನ ತಕರಾರು. ಡಿಪ್ಲೊಮಾ ಮುಗಿಸಿ ಮೊದಲು ಒಂದು ಸರ್ವಿಸ್ ಸೆಂಟರಿನಲ್ಲಿ ಟ್ರೈನಿಯಾಗಿದ್ದೆ. ಈಗ ಬೆಂಗಳೂರಿನ ಒಂದು ಸಣ್ಣ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಎರಡೂ ಕಡೆ ನೋಡಿದ ಮೇಲೆ ನನಗನ್ನಿಸಿದ್ದು ಇಷ್ಟು: ನಮ್ಮನ್ನು ತಯಾರು ಮಾಡುತ್ತಿರುವುದು ಪಾರ್ಟ್ಸ್ ಬದಲಿಸುವುದಕ್ಕೆ. ದೋಷ ಹುಡುಕುವುದನ್ನು ಯಾರೂ ಕಲಿಸುತ್ತಿಲ್ಲ, ಹುಡುಕಿದವನಿಗೆ ಯಾರೂ ಕಾಸು ಕೊಡುತ್ತಲೂ ಇಲ್ಲ. ಸಂಬಳ ಏರದಿರುವುದಕ್ಕೂ, ಗಿರಾಕಿ ನಮ್ಮನ್ನು ನಂಬದಿರುವುದಕ್ಕೂ ಬೇರು ಇಲ್ಲೇ ಇದೆ.

ಸ್ಕ್ಯಾನರ್ ಏನೋ ದೊಡ್ಡ ವಿದ್ಯೆ ಎಂದು ತಿಳಿಯಬೇಕಿಲ್ಲ. ನಮ್ಮ ದೇಶದಲ್ಲಿ 2010ರ ಏಪ್ರಿಲ್‌ನಿಂದ ಬಿಎಸ್-4 ಕಾರುಗಳಿಗೆ ಒಬಿಡಿ ಮೊದಲ ಹಂತ ಬಂತು, 2013ರ ಏಪ್ರಿಲ್‌ನಿಂದ ಎರಡನೇ ಹಂತ. ಅಂದಿನಿಂದ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸಾಕೆಟ್ ಇದ್ದೇ ಇರುತ್ತದೆ. ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಡಬ್ಬಿ ಅದಕ್ಕೆ ಸಿಕ್ಕಿಸಿದರೆ ಕೋಡ್ ನಿಮ್ಮ ಮೊಬೈಲಿನಲ್ಲೇ ಬರುತ್ತದೆ. ಕಾರಿನ ಮಾಲೀಕರೇ ಓದಬಹುದಾದದ್ದನ್ನು ಓದಿ ಹೇಳುವುದಕ್ಕೆ ಅವರು ನಮಗೇಕೆ ದುಡ್ಡು ಕೊಡಬೇಕು?

ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಅದು ಇಸಿಯುಗೆ ಗೊತ್ತಾಗಿದ್ದು ಹೇಗೆ? ಸಿಲಿಂಡರಿನ ಒಳಗೆ ಯಾವ ಕ್ಯಾಮೆರಾವೂ ಇಲ್ಲ. ಸಾಮಾನ್ಯವಾಗಿ ಅದಕ್ಕಿರುವ ದಾರಿ ಕ್ರ್ಯಾಂಕ್ ಸೆನ್ಸರ್. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್ ಶಾಫ್ಟಿಗೆ ಒಂದು ತಳ್ಳು ಸಿಗುತ್ತದೆ. ಒಂದನೇ ಸಿಲಿಂಡರಿನ ಸರದಿ ಬಂದಾಗಲೆಲ್ಲ ತಳ್ಳು ಸಿಗದೆ ಶಾಫ್ಟ್ ಚೂರು ನಿಧಾನವಾಯಿತು, ಇಸಿಯು ಅದನ್ನು ಎಣಿಸಿ ಬರೆದಿಟ್ಟಿತು. ಅಷ್ಟೇ. ಪ್ಲಗ್ ಹೋಗಿದೆಯೋ, ಕಾಯಿಲ್ ಹೋಗಿದೆಯೋ, ಇಂಜೆಕ್ಟರ್ ಕಟ್ಟಿದೆಯೋ, ವಾಲ್ವ್ ಸುಟ್ಟಿದೆಯೋ ಅದಕ್ಕೆ ತಿಳಿಯದು. ಅದು ಕೊಟ್ಟಿದ್ದು ಪೊಲೀಸ್ ಠಾಣೆಯ ದೂರಿನಂತೆ. ದೂರು ಕೊಟ್ಟ ಕೂಡಲೇ ಯಾರನ್ನೋ ಜೈಲಿಗೆ ಹಾಕಿದರೆ ಹೇಗೆ?

ನಡುಕದ ಲೆಕ್ಕವನ್ನೇ ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ ಐಡ್ಲಿಂಗ್‌ನಲ್ಲಿ 800 ಆರ್‌ಪಿಎಂ ತಿರುಗುತ್ತಿದೆ ಎನ್ನಿ. ಎರಡು ಸುತ್ತಿಗೊಮ್ಮೆ ಒಂದು ಸಿಲಿಂಡರ್ ಉರಿಯುತ್ತದೆ, ಅಂದರೆ ಒಂದೊಂದೂ ನಿಮಿಷಕ್ಕೆ 400 ಸಲ, ನಾಲ್ಕೂ ಸೇರಿ 1600 ಸಲ. ಒಂದು ಸತ್ತರೆ ಸೆಕೆಂಡಿಗೆ ಆರೇಳು ತಳ್ಳು ಕಾಣೆಯಾಗುತ್ತವೆ. ಸ್ಟಿಯರಿಂಗ್ ಹಿಡಿದ ಕೈಗೆ ಗೊತ್ತಾಗುವುದು ಇದೇ. ಹೈವೇಯಲ್ಲಿ 3000 ಆರ್‌ಪಿಎಂನಲ್ಲಿ ಓಡುವಾಗ ಫ್ಲೈವೀಲಿನ ವೇಗ ಅದನ್ನು ಅಷ್ಟಿಷ್ಟು ಮುಚ್ಚಿಹಾಕುತ್ತದೆ. ‘ಓಡಿಸುವಾಗ ಸರಿ ಇರುತ್ತೆ, ಸಿಗ್ನಲ್ಲಿನಲ್ಲಿ ನಿಂತ್ರೆ ಮಾತ್ರ ನಡುಗುತ್ತೆ’ ಎಂದು ಗಿರಾಕಿ ಹೇಳಿದರೆ ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ.

ಹಾಗಾದರೆ ಕಾಯಿಲ್ ಹೋಗಿದೆಯೇ ಎಂದು ತಿಳಿಯಲು ಹೊಸ ಕಾಯಿಲ್ ತರಬೇಕೇ? ಬೇಡ. ಒಂದನೇ ಸಿಲಿಂಡರಿನ ಕಾಯಿಲ್ ಬಿಚ್ಚಿ ಮೂರನೆಯದಕ್ಕೆ ಹಾಕಿ, ಮೂರರದ್ದನ್ನು ಒಂದಕ್ಕೆ ಹಾಕಿ. ಕೋಡ್ ಅಳಿಸಿ ಎಂಜಿನ್ ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ ಜೊತೆಗೆ ಕಾಯಿಲೆಯೂ ಜಾಗ ಬದಲಿಸಿದೆ, ಕಳ್ಳ ಸಿಕ್ಕಿದ. ಪಿ0301 ಅಲ್ಲೇ ಕೂತಿದ್ದರೆ ಕಾಯಿಲ್ ನಿರಪರಾಧಿ, ಮುಂದಿನದು ಪ್ಲಗ್. ಪ್ಲಗ್ಗಿಗೂ ಇದೇ ಉಪಾಯ. ಅಲ್ಲೂ ಜಾಗ ಬಿಡದಿದ್ದರೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್ ಗೇಜ್. ಬಹಳಷ್ಟು ಕಾರುಗಳಲ್ಲಿ ಇದು ಹತ್ತು–ಹದಿನೈದು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ. (ಹಳೆಯ ಮೆಕ್ಯಾನಿಕ್‌ಗಳು ಓಡುವ ಎಂಜಿನ್ನಿನಲ್ಲಿ ಪ್ಲಗ್ ವಯರ್ ಕಿತ್ತು ಸದ್ದು ಕೇಳುತ್ತಿದ್ದರು. ಪ್ಲಗ್ ಮೇಲೇ ಕೂರುವ ಈಗಿನ ಕಾಯಿಲ್‌ಗಳಲ್ಲಿ ಹಾಗೆ ಮಾಡಬೇಡಿ. ಶಾಕ್ ಜೋರಾಗಿ ಹೊಡೆಯುತ್ತದೆ, ಕಾಯಿಲೂ ಹಾಳಾಗುತ್ತದೆ. ಇಂಜೆಕ್ಟರಿನ ಕನೆಕ್ಟರ್ ಒಂದೊಂದಾಗಿ ತೆಗೆದು ನೋಡಿ. ಯಾವುದನ್ನು ತೆಗೆದರೂ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ನಿಲ್ಲಿಸಿದೆ.)

ಇಷ್ಟು ಸರಳವಾದದ್ದನ್ನೂ ಮಾಡದೆ ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್ ಬದಲಿಸಿ ಕಳಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗಾಡಿ ಸರಿಯಾಗಿಯೇ ಹೋಗುತ್ತದೆ, ಆ ಮಾತು ಬೇರೆ. ಏಕೆಂದರೆ ನಾಲ್ಕರಲ್ಲಿ ಒಂದು ನಿಜವಾಗಿ ಕೆಟ್ಟಿತ್ತು. ಕೆಲಸ ಕಲಿಯಬೇಕಾದ ಹುಡುಗ ಮಾತ್ರ ಆ ದಿನ ಏನೂ ಕಲಿಯಲಿಲ್ಲ.

ಕೆಲವೊಮ್ಮೆ ಹಾಗೆ ಅದೃಷ್ಟವೂ ಕೈಹಿಡಿಯುವುದಿಲ್ಲ. ಈ ವರ್ಷ ನಮ್ಮಲ್ಲಿಗೆ ಹಳದಿ ಬೋರ್ಡಿನ ಒಂದು ಪೆಟ್ರೋಲ್ ಕಾರು ಬಂತು. ಬೇರೆಲ್ಲೋ ಪ್ಲಗ್, ಕಾಯಿಲ್, ಆಕ್ಸಿಜನ್ ಸೆನ್ಸರ್ ಎಲ್ಲ ಬದಲಾಗಿತ್ತು. ಹನ್ನೊಂದು ಸಾವಿರ ಖರ್ಚು, ಮೂರು ದಿನ ಟ್ರಿಪ್ ಇಲ್ಲ, ತಿಂಗಳ ಇಎಂಐ ತಲೆಮೇಲೆ. ಐಡ್ಲಿಂಗ್ ಮಾತ್ರ ಹಾಗೇ ನಡುಗುತ್ತಿತ್ತು. ‘ಅಣ್ಣಾ, ಇಂಜಿನ್ ಬಿಚ್ಬೇಕಾಗುತ್ತಾ?’ ಡ್ರೈವರಿನ ಮುಖದಲ್ಲಿ ನೀರಿಳಿದಿತ್ತು. ನಮ್ಮ ಮೇಸ್ತ್ರಿ, ‘ಸುಮ್ನಿರಪ್ಪಾ, ಮೊದ್ಲು ಅದೇನ್ ಹೇಳುತ್ತೋ ಕೇಳೋಣ’ ಅಂದರು.

ಕೋಡ್ ಇದ್ದಿದ್ದು ಪಿ0171. ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದರ್ಥ. ಇಲ್ಲಿ ಸ್ಕ್ಯಾನರಿನ ಕೋಡಿಗಿಂತ ಅದರ ಲೈವ್ ಡೇಟಾ ಕೆಲಸಕ್ಕೆ ಬಂತು. ಫ್ಯೂಯೆಲ್ ಟ್ರಿಮ್ ಅಂತ ಒಂದು ಅಂಕಿ ಇರುತ್ತದೆ: ಇಸಿಯು ತನ್ನ ಲೆಕ್ಕಕ್ಕಿಂತ ಎಷ್ಟು ಪರ್ಸೆಂಟ್ ಹೆಚ್ಚು ಪೆಟ್ರೋಲ್ ಸುರಿಯುತ್ತಿದೆ ಅನ್ನುವುದು. ಐಡ್ಲಿಂಗ್‌ನಲ್ಲಿ ಅದು ಪ್ಲಸ್ 24 ಇತ್ತು. ಮೇಸ್ತ್ರಿ ಆಕ್ಸಿಲರೇಟರ್ ಒತ್ತಿ 2500ಕ್ಕೆ ಹಿಡಿದರು, 5ಕ್ಕೆ ಇಳಿಯಿತು. ಅವರಿಗೆ ಅಷ್ಟು ಸಾಕಾಯಿತು. ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ, ಮ್ಯಾನಿಫೋಲ್ಡಿನೊಳಗೆ ಎಳೆತ ಜೋರು, ಎಂಜಿನ್ ಕುಡಿಯುವ ಗಾಳಿ ಕಡಿಮೆ. ಎಲ್ಲೋ ಒಂದು ತೂತಿನಿಂದ ಕಳ್ಳಗಾಳಿ ನುಗ್ಗಿದರೆ ಆ ಸ್ವಲ್ಪ ಗಾಳಿಯಲ್ಲಿ ಅದರ ಪಾಲು ದೊಡ್ಡದು. ಆರ್‌ಪಿಎಂ ಏರಿದಾಗ ಅದೇ ತೂತಿನ ಪಾಲು ಲೆಕ್ಕಕ್ಕಿಲ್ಲ. ಟ್ರಿಮ್ ಇದಕ್ಕೆ ತದ್ವಿರುದ್ಧವಾಗಿ, ಲೋಡ್ ಬಿದ್ದಾಗ ಏರುತ್ತಿದ್ದರೆ ಅನುಮಾನ ಪೆಟ್ರೋಲ್ ಪಂಪು, ಫಿಲ್ಟರಿನ ಕಡೆ ಹೋಗಬೇಕಿತ್ತು. ಮೇಸ್ತ್ರಿ ಒಂದೊಂದೇ ಹೋಸ್ ಹಿಂಡುತ್ತ ಬಂದರು. ಪಿಸಿವಿ ಹೋಸ್ ಹಿಂಡಿದ ಕೂಡಲೇ ಎಂಜಿನ್ ತಣ್ಣಗಾಯಿತು. ಬಾಗಿದ ಕಡೆ, ಕೆಳಮುಖವಾಗಿ, ಕಣ್ಣಿಗೆ ಕಾಣದಂತೆ ಸೀಳಿತ್ತು. ಹೋಸ್ ಜೆ.ಸಿ. ರೋಡಿನಲ್ಲಿ ಸಿಕ್ಕಿತು, ಕೆಲವು ನೂರು ರೂಪಾಯಿಗೆ.

ಒಂದು ಎಚ್ಚರಿಕೆ. ಆ ಕಾರಿನಲ್ಲಿ ಗಾಳಿಯನ್ನು ನೇರವಾಗಿ ಅಳೆಯುವ ಎಂಎಎಫ್ ಸೆನ್ಸರ್ ಇತ್ತು. ಮ್ಯಾನಿಫೋಲ್ಡಿನ ಒತ್ತಡ ನೋಡಿ ಗಾಳಿಯನ್ನು ಅಂದಾಜಿಸುವ ಎಂಎಪಿ ಸೆನ್ಸರ್ ಕಾರಿನಲ್ಲಿ ಇದೇ ತೂತು ಬೇರೆ ವೇಷ ಹಾಕುತ್ತದೆ: ಟ್ರಿಮ್ ಅಷ್ಟಾಗಿ ಕದಲದೆ ಐಡ್ಲಿಂಗ್ ಮೇಲೇರಿ ಕೂರಬಹುದು. ಅದಕ್ಕೇ ನಾನು ಹೇಳುವುದು, ಕೋಡಿಗೊಂದು ಪಾರ್ಟ್ ಎಂಬ ಪಟ್ಟಿ ಬಾಯಿಪಾಠ ಮಾಡಿ ಈ ಕೆಲಸ ಆಗುವುದಿಲ್ಲ. ಯಾವ ಸೆನ್ಸರ್ ಏನನ್ನು ನೋಡುತ್ತಿದೆ ಎಂಬುದು ಗೊತ್ತಿರಬೇಕು.

ಟೈಮಿಂಗ್ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ಹೆಚ್ಚು. ಟೈಮಿಂಗ್ ಅಂದರೆ ಎರಡು. ಒಂದು ಇಗ್ನಿಷನ್ ಟೈಮಿಂಗ್, ಕಿಡಿ ಯಾವಾಗ ಹಾರಬೇಕು ಎಂಬುದು. ಇನ್ನೊಂದು ವಾಲ್ವ್ ಟೈಮಿಂಗ್, ಬಾಗಿಲು ಯಾವಾಗ ತೆರೆದು ಮುಚ್ಚಬೇಕು ಎಂಬುದು. ಕಾರ್ಬ್ಯುರೇಟರ್ ಕಾಲದ ಮಾರುತಿ 800, ಪೆಟ್ರೋಲ್ ಅಂಬಾಸಿಡರ್ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಸಡಿಲಿಸಿ, ಕಿವಿಗೊಟ್ಟು, ಚೂರು ಚೂರೇ ತಿರುಗಿಸಿ ಕಿಡಿಯ ಟೈಮಿಂಗ್ ಸೆಟ್ ಮಾಡುತ್ತಿದ್ದರು. ಈಗಿನ ಕಾರುಗಳಲ್ಲಿ ಅದನ್ನು ಇಸಿಯು ತಾನೇ ನೋಡಿಕೊಳ್ಳುತ್ತದೆ, ತಿರುಗಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಆದರೂ ‘ಅಣ್ಣಾ, ಟೈಮಿಂಗ್ ಸ್ವಲ್ಪ ಅಡ್ಜಸ್ಟ್ ಮಾಡಿ’ ಎನ್ನುವ ಗಿರಾಕಿಗಳಿದ್ದಾರೆ. ‘ಮಾಡಿದೀವಿ’ ಎಂದು ದುಡ್ಡು ಇಸಿದುಕೊಳ್ಳುವವರೂ ಇದ್ದಾರೆ.

ವಾಲ್ವ್ ಟೈಮಿಂಗ್ ಮಾತ್ರ ಇಂದಿಗೂ ಬೆಲ್ಟು, ಚೈನಿನ ಕೈಯಲ್ಲಿದೆ. ಕ್ರ್ಯಾಂಕ್ ಎರಡು ಸುತ್ತು ಹೊಡೆದರೆ ಕ್ಯಾಮ್ ಒಂದು ಸುತ್ತು. ಕ್ರ್ಯಾಂಕ್ ಗೇರಿನಲ್ಲಿ 20 ಹಲ್ಲು ಇದ್ದರೆ ಕ್ಯಾಮಿನದರಲ್ಲಿ 40. ಬೆಲ್ಟ್ ಒಂದೇ ಒಂದು ಹಲ್ಲು ಜಾರಿದರೂ ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ ತಪ್ಪಿತು. ಎಂಜಿನ್ ಸ್ಟಾರ್ಟ್ ಆಗುತ್ತದೆ, ಓಡುತ್ತದೆ ಕೂಡ. ಐಡ್ಲಿಂಗ್ ಒರಟು, ಪಿಕಪ್ ಇಲ್ಲ, ಮೈಲೇಜ್ ಬಿದ್ದಿರುತ್ತದೆ. ಸ್ಕ್ಯಾನರ್ ಪಿ0016 ತೋರಿಸುತ್ತದೆ: ಕ್ಯಾಮ್ ಮತ್ತು ಕ್ರ್ಯಾಂಕ್ ಸೆನ್ಸರುಗಳ ಸಂಕೇತ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದು. ಈ ವಾಕ್ಯದಲ್ಲಿ ‘ಸೆನ್ಸರ್’ ಎಂಬ ಪದ ಕಂಡದ್ದೇ ತಡ, ಕ್ಯಾಮ್ ಸೆನ್ಸರ್ ಬದಲಾಗುತ್ತದೆ. ಸುದ್ದಿ ತಂದವನಿಗೆ ಶಿಕ್ಷೆ!

ನನ್ನ ಪ್ರಕಾರ ಮೊದಲು ಎಳೆಯಬೇಕಾದದ್ದು ಆಯಿಲ್ ಡಿಪ್‌ಸ್ಟಿಕ್. ಈಗಿನ ಹಲವು ಎಂಜಿನ್ನುಗಳಲ್ಲಿ ಕ್ಯಾಮನ್ನು ಹಿಂದೆ ಮುಂದೆ ತಿರುಗಿಸುವ ವಿವಿಟಿ ವ್ಯವಸ್ಥೆ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ. ಆಯಿಲ್ ಕಡಿಮೆಯಾದರೆ, ಡಾಂಬರಿನಂತಾದರೆ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಆಯಿಲ್ ಬದಲಿಸದೆ ಓಡಿಸಿದ ಗಾಡಿಯಲ್ಲಿ ಚೈನ್ ಸವೆದು ಉದ್ದವಾಗುವುದೂ ಹೊಸತಲ್ಲ. ಆಯಿಲ್ ಸರಿ ಇದ್ದರೆ ಸೊಲೆನಾಯ್ಡ್, ವಯರಿಂಗ್. ಆಮೇಲೆ ಕಂಪ್ರೆಷನ್ ಟೆಸ್ಟ್: ಒಂದೇ ಸಿಲಿಂಡರ್ ಕಡಿಮೆ ಇದ್ದರೆ ದೋಷ ಅದರದ್ದೇ, ಅಕ್ಕಪಕ್ಕದ ಎರಡು ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ, ನಾಲ್ಕೂ ಸಮನಾಗಿ ಕಡಿಮೆ ಇದ್ದರೆ ಟೈಮಿಂಗ್ ಕಡೆ ತಿರುಗಿ. ಅಲ್ಲಿಯವರೆಗೂ ಸುಮ್ಮನೆ ಸೆಲ್ಫ್ ಹೊಡೆಯುತ್ತ ಕೂರಬೇಡಿ. ಪಿಸ್ಟನ್ನೂ ವಾಲ್ವೂ ಒಂದೇ ಜಾಗವನ್ನು ಸರದಿಯಲ್ಲಿ ಹಂಚಿಕೊಳ್ಳುವ ಎಂಜಿನ್ನಿನಲ್ಲಿ ಬೆಲ್ಟ್ ಇನ್ನೆರಡು ಹಲ್ಲು ಜಾರಿದರೆ ಎರಡೂ ಡಿಕ್ಕಿ ಹೊಡೆದು ವಾಲ್ವ್ ಬಗ್ಗುತ್ತದೆ. ಬೆಲ್ಟಿನ ಖರ್ಚಿನಲ್ಲಿ ಮುಗಿಯಬೇಕಿದ್ದದ್ದು ಹೆಡ್ ಬಿಚ್ಚುವ ತನಕ ಹೋಗುತ್ತದೆ.

ವ್ಯಾಕ್ಯೂಮ್ ಗೇಜ್ ಅಂತ ಒಂದು ಹಳೆಯ ಸಾಧನ ಇದೆ. ಈಗ ಯಾರೂ ಮುಟ್ಟುವುದಿಲ್ಲ, ನನಗಂತೂ ಬಲು ಇಷ್ಟ. ಆರೋಗ್ಯವಾದ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 22 ಇಂಚು ಪಾದರಸದಷ್ಟು ತೋರಿಸಬೇಕು, ಮುಳ್ಳು ಅಲುಗದೆ ನಿಂತು ಅದಕ್ಕಿಂತ ಕಡಿಮೆ ತೋರಿಸಿದರೆ ಟೈಮಿಂಗ್ ಹಿಂದೆ ಬಿದ್ದಿರಬಹುದು ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಆ ಅಂಕಿ ಸಮುದ್ರಮಟ್ಟದ್ದು. ಸಾವಿರ ಅಡಿ ಮೇಲೇರಿದಂತೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಬೆಂಗಳೂರು ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಮಂಗಳೂರಿನಲ್ಲಿ 18 ತೋರಿಸಿದ ಕಾರು ಇಲ್ಲಿ 15 ತೋರಿಸಿದರೆ ಅದಕ್ಕೆ ಏನೂ ಆಗಿಲ್ಲ, ಘಟ್ಟ ಹತ್ತಿ ಬಂದಿದೆ ಅಷ್ಟೇ. ಪುಸ್ತಕದ ಅಂಕಿ ಉರು ಹೊಡೆದವನು ಒಳ್ಳೆಯ ಎಂಜಿನ್ನಿನ ಟೈಮಿಂಗ್ ಕವರ್ ಬಿಚ್ಚಿಸುತ್ತಾನೆ.

ಕಾಲೇಜುಗಳ ಲ್ಯಾಬಿನಲ್ಲಿ ಏನಿರುತ್ತದೆ ನಿಮಗೂ ಗೊತ್ತು. ಕೆಂಪು, ನೀಲಿ ಪೇಂಟ್ ಹೊಡೆದ ಕಟ್ ಸೆಕ್ಷನ್ ಎಂಜಿನ್. ಹ್ಯಾಂಡಲ್ ತಿರುಗಿಸಿದರೆ ಪಿಸ್ಟನ್ ಆಡುತ್ತದೆ. ತಿಳಿಯುವುದಕ್ಕೆ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಆ ಎಂಜಿನ್ನಿಗೆ ಜನ್ಮದಲ್ಲಿ ಐಡ್ಲಿಂಗ್ ಸಮಸ್ಯೆ ಬರುವುದಿಲ್ಲ. ಗುಜರಿಗೆ ಹೋಗುವ ಒಂದು ಹಳೆಯ ಇಂಜೆಕ್ಷನ್ ಕಾರನ್ನು ತಂದು ನಿಲ್ಲಿಸಿ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮೇಷ್ಟ್ರು ಒಂದು ಕೆಟ್ಟ ಕಾಯಿಲ್ ಹಾಕಿಡಲಿ, ಒಂದು ಹೋಸ್ ಸಡಿಲಿಸಲಿ, ಒಂದು ಗ್ರೌಂಡ್ ವಯರ್ ಕಳಚಲಿ. ವಿದ್ಯಾರ್ಥಿಗೆ ಒಂದು ಗಂಟೆ ಕೊಡಿ. ಅಂಕ ಕೊಡಬೇಕಾದದ್ದು ದೋಷ ಸಿಕ್ಕಿದ್ದಕ್ಕಿಂತಲೂ ಯಾವುದರ ನಂತರ ಯಾವುದನ್ನು ನೋಡಿದ, ಏಕೆ ನೋಡಿದ ಎಂಬುದಕ್ಕೆ. ಐಟಿಐನ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡಿಗೂ ಇದೇ ಮಾತು.

ಇಂಟರ್‌ವ್ಯೂ ಮಾಡುವವರಿಗೂ ಒಂದು ವಿನಂತಿ. ಡೆಫಿನಿಷನ್ ಕೇಳಬೇಡಿ, ನಡುಗುವ ಕಾರು ಕೊಡಿ. ಅಭ್ಯರ್ಥಿ ಯಾವ ಪ್ರಶ್ನೆ ಕೇಳುತ್ತಾನೆ, ಕೇಳುತ್ತಾಳೆ ನೋಡಿ. ಇದು ಮೂರು ಸಿಲಿಂಡರಿನದೋ ನಾಲ್ಕರದೋ? (ಮೂರರ ಎಂಜಿನ್ ಹುಟ್ಟಿನಿಂದಲೇ ಸ್ವಲ್ಪ ನಡುಗುತ್ತದೆ.) ಬೆಳಿಗ್ಗೆ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಎಸಿ ಹಾಕಿದಾಗ ಮಾತ್ರವೋ? ಪೆಟ್ರೋಲ್ ತುಂಬಿಸಿದ ಕೂಡಲೇ ಮಾತ್ರವೋ? ಹಾಗಿದ್ದರೆ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಇರಬಹುದು. ಮುಳ್ಳು ಅಲುಗದೆ ಕಾರಷ್ಟೇ ನಡುಗುತ್ತಿದೆಯೇ? ಹಾಗಾದರೆ ಎಂಜಿನ್ ಮೌಂಟಿನ ರಬ್ಬರ್ ನೋಡಬೇಕು. ಚೆಕ್ ಎಂಜಿನ್ ದೀಪ ಉರಿಯುತ್ತಿದೆಯೋ, ಮಿಟುಕುತ್ತಿದೆಯೋ? ಮಿಟುಕುತ್ತಿದ್ದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ. ಆ ಕಾರು ಓಡಿಸಿಕೊಂಡು ಹೋಗಿ ಎಂದು ಕಳಿಸುವಂತಿಲ್ಲ.

ಸರ್ವಿಸ್ ಸೆಂಟರುಗಳ ಕಷ್ಟವೂ ನನಗೆ ಗೊತ್ತಿಲ್ಲದ್ದಲ್ಲ. ದಿನಕ್ಕೆ ಇಷ್ಟು ಗಾಡಿ ಹೊರಗೆ ಹೋಗಬೇಕು, ಅಡ್ವೈಸರಿಗೆ ಪಾರ್ಟ್ಸ್ ಟಾರ್ಗೆಟ್ ಇದೆ, ಸಂಜೆ ಐದಕ್ಕೆ ಗಿರಾಕಿ ಬಂದು ನಿಲ್ಲುತ್ತಾರೆ. ಒಂದು ಗಂಟೆ ಹೋಸ್ ಹಿಂಡುತ್ತ ಕೂತರೆ ಆ ಗಂಟೆಯನ್ನು ಬಿಲ್ಲಿನಲ್ಲಿ ಎಲ್ಲಿ ತೋರಿಸುವುದು? ನಾಲ್ಕು ಕಾಯಿಲ್ ಹಾಕಿದರೆ ನಾಲ್ಕು ಸಾಲು ಬರುತ್ತದೆ. ತಪ್ಪು ಒಂದು ಕಡೆಯದ್ದಲ್ಲ. ಡಾಕ್ಟರ್ ಮಾತ್ರೆ ಬರೆಯದೆ ‘ಏನೂ ಆಗಿಲ್ಲ, ಹೋಗಿ’ ಅಂದರೂ ಕನ್ಸಲ್ಟೇಷನ್ ಫೀ ಕೊಟ್ಟು ಬರುವ ನಾವೇ ಗ್ಯಾರೇಜಿನಲ್ಲಿ ‘ಏನೂ ಪಾರ್ಟ್ ಹಾಕೇ ಇಲ್ಲ, ನಾನೂರು ಯಾಕೆ?’ ಎಂದು ಜಗಳ ತೆಗೆಯುತ್ತೇವೆ. ಹುಡುಕಿದ್ದಕ್ಕೆ ದುಡ್ಡಿಲ್ಲ ಎಂದ ಮೇಲೆ ಯಾರು ಹುಡುಕುತ್ತಾರೆ?

‘ಎಲೆಕ್ಟ್ರಿಕ್ ಕಾರು ಬಂದ ಮೇಲೆ ಐಡ್ಲಿಂಗೂ ಇಲ್ಲ, ಟೈಮಿಂಗೂ ಇಲ್ಲ, ಇದನ್ನೆಲ್ಲ ಏಕೆ ಕಲಿಯಬೇಕು’ ಎಂದು ಜೂನಿಯರ್‌ಗಳು ಕೇಳುತ್ತಾರೆ. ಇಂದು ಶೋರೂಮಿನಿಂದ ಹೊರಬರುವ ಪೆಟ್ರೋಲ್ ಕಾರು ಇನ್ನು ಹತ್ತು–ಹದಿನೈದು ವರ್ಷ ರಸ್ತೆಯಲ್ಲಿರುತ್ತದೆ. ನಿಮ್ಮ ವೃತ್ತಿಯ ಮೊದಲ ಅರ್ಧ ಅದರ ಬಾನೆಟ್ಟಿನ ಕೆಳಗೇ ಕಳೆಯುತ್ತದೆ. ಎಲೆಕ್ಟ್ರಿಕ್ ಕಾರೂ ಕೋಡ್ ಕೊಡುತ್ತದೆ. ಅಲ್ಲಿ ಊಹೆಯ ಮೇಲೆ ಬ್ಯಾಟರಿ ಪ್ಯಾಕ್ ಬದಲಿಸಿ ನೋಡುವುದಕ್ಕೆ ಯಾವ ಗಿರಾಕಿಯ ಜೇಬೂ ತಡೆಯುವುದಿಲ್ಲ.

ನಮ್ಮ ಗ್ಯಾರೇಜಿನ ಬಿಲ್ ಪುಸ್ತಕಕ್ಕೆ ಕಳೆದ ದೀಪಾವಳಿಯಿಂದ ‘ತಪಾಸಣೆ – 400 ರೂ.’ ಎಂಬ ಸಾಲು ಸೇರಿದೆ. ಯಾವ ಟೆಸ್ಟ್ ಮಾಡಿದೆವು, ಏನು ಕಂಡಿತು ಎಂದು ಕೆಳಗೆ ನಾನೇ ಬರೆಯುತ್ತೇನೆ. ಬಿಚ್ಚಿದ ಹಳೆಯ ಪಾರ್ಟ್ ಕವರಿನಲ್ಲಿ ಹಾಕಿ ಗಿರಾಕಿಯ ಕೈಗೇ ಕೊಡುತ್ತೇವೆ. ಮೊದಲ ತಿಂಗಳು ಇಬ್ಬರು ವಾದ ಮಾಡಿದರು. ಒಬ್ಬರಂತೂ ‘ನೋಡೋಕೂ ದುಡ್ಡಾ?’ ಎಂದು ಗಾಡಿ ತಿರುಗಿಸಿಕೊಂಡು ಹೋದರು. ಹದಿನೈದು ದಿನ ಬಿಟ್ಟು ಅವರೇ ಬಂದರು, ನಾಲ್ಕೂ ಹೊಸ ಕಾಯಿಲ್ ಹಾಕಿಸಿಕೊಂಡು. ಗಾಡಿ ಇನ್ನೂ ನಡುಗುತ್ತಿತ್ತು.